ಶ್ರೀಲಂಕಾಕ್ಕೆ ಹೋಗುದಾ? ಮೊದ್ಲು ಯಾವ ತಿಂಗಳು ಹೇಳಿ

ನಮ್ಮ ಉಡುಪಿ ಕಡೆಯವರಿಗೆ ಶ್ರೀಲಂಕಾ ಅಂದ್ರೆ ಸ್ವಲ್ಪ ತಾತ್ಸಾರ. ಅಲ್ಲಿ ಎಂತ ಉಂಟು ಮಾರಾಯ್ರೆ, ತೆಂಗಿನ ಮರ, ಸಮುದ್ರ, ಮೀನು ಎಲ್ಲ ಮಲ್ಪೆಯಲ್ಲೇ ಇಲ್ವಾ ಅಂತ ಕೇಳ್ತಾರೆ. ಉಂಟು, ಇಲ್ಲ ಅಂತ ಯಾರು ಹೇಳಿದ್ದು. ಆದ್ರೆ ಹೀಗೆ ಹೇಳುವವರೇ ಒಂದು ದಿನ ಟಿಕೆಟ್ ಕಮ್ಮಿ ಸಿಕ್ತು ಅಂತ ಜುಲೈಗೆ ಬುಕ್ ಮಾಡಿ, ಗಾಲೆ ಬೀಚಲ್ಲಿ ರೂಮು ತಗೊಂಡು, ಮಳೆ ನೋಡಿ ವಾಪಸ್ ಬರ್ತಾರೆ. ಮಳೆ ನೋಡ್ಲಿಕ್ಕೆ ವಿಮಾನ ಯಾಕೆ, ಮನೆ ಜಗಲಿ ಸಾಕಲ್ವಾ.

ವಿಷಯ ಎಂತ ಅಂದ್ರೆ ಅಲ್ಲಿ ಮಳೆ ಎರಡು ಕಡೆಯಿಂದ ಬರ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮಗೆ ಬರುವ ಅದೇ ನೈಋತ್ಯ ಮಾರುತ ಅವರ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೆ ಹೊಡೀತದೆ, ಅಂದ್ರೆ ಕೊಲಂಬೊ, ಗಾಲೆ, ಮಿರಿಸ್ಸ ಎಲ್ಲ. ನಡುವಿನ ಬೆಟ್ಟ ಆ ಮೋಡ ತಡೆಯುದ್ರಿಂದ ಆಚೆ ಪೂರ್ವಕ್ಕೆ ಒಣ ಗಾಳಿ, ಬಿಸಿಲು. ಶಿರಾಡಿ ಹತ್ತಿ ಹಾಸನ ಕಡೆ ಇಳಿದ್ರೆ ಮಳೆ ಕಮ್ಮಿ ಆಗ್ತದಲ್ಲ, ಅದೇ ಲೆಕ್ಕ. ಹಾಗಾಗಿ ಇಲ್ಲಿ ಡಿಸಿ ಶಾಲೆಗೆ ರಜೆ ಕೊಡುವ ಟೈಮಲ್ಲಿ ಅಲ್ಲಿಯ ಟ್ರಿಂಕೋಮಲಿ, ಪಾಸಿಕುಡ, ಆರುಗಮ್ ಬೇ ಎಲ್ಲ ಫಸ್ಟ್ ಕ್ಲಾಸ್ ಆಗಿರ್ತದೆ. ಸಸಿಹಿತ್ಲು, ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತ ಹುಡುಗರು ಮಳೆಗಾಲದಲ್ಲಿ ಸುಮ್ನೆ ಕೂತ್ಕೊಳ್ಳುವ ಬದಲು ಆರುಗಮ್ ಬೇಗೆ ಹೋಗಬಹುದು, ಅಲೆಯ ಸೀಸನ್ ಅದೇ. ಡಿಸೆಂಬರ್‌ನಿಂದ ಫೆಬ್ರವರಿಗೆ ಉಲ್ಟಾ, ಈಶಾನ್ಯ ಮಾರುತ ಪೂರ್ವಕ್ಕೂ ಉತ್ತರಕ್ಕೂ ಸುರೀತದೆ, ದಕ್ಷಿಣ ಕರಾವಳಿ ಚಂದ. ಕ್ರಿಸ್ಮಸ್ ರಜೆಗೆ ಹೋಗುವವರು ಗಾಲೆ, ಮಿರಿಸ್ಸ ಕಡೆಗೆ ಹೋಗಿ. ತಿಮಿಂಗಿಲ ನೋಡುವ ಬೋಟೂ ಮಿರಿಸ್ಸದಿಂದ ನವೆಂಬರ್‌ನಿಂದ ಏಪ್ರಿಲ್‌ವರೆಗೇ ಒಳ್ಳೇದು.

ದಸರಾ ರಜೆಗೆ ಮಾತ್ರ ನಾನು ಯಾರಿಗೂ ಹೋಗಿ ಅನ್ನುದಿಲ್ಲ. ಅಕ್ಟೋಬರ್ ನವೆಂಬರಲ್ಲಿ ಗುಡುಗು ಮಳೆ ಎಲ್ಲ ಕಡೆಗೂ ಬರ್ತದೆ, ಬೆಟ್ಟದಲ್ಲಿ ಗುಡ್ಡ ಜರಿಯುದೂ ಉಂಟು. ಬೇಸಿಗೆ ರಜೆಗೆ ಹೋಗುದಾದ್ರೆ ಏಪ್ರಿಲ್ 13, 14 ನೋಡ್ಕೊಳ್ಳಿ. ನಮಗೆ ಬಿಸು, ಅವರಿಗೂ ಅದೇ ಹೊತ್ತಿಗೆ ಹೊಸ ವರ್ಷ. ಅಂಗಡಿ ಹೋಟೆಲು ಅರ್ಧಕ್ಕರ್ಧ ಬಂದ್, ಡ್ರೈವರ್‌ಗಳೆಲ್ಲ ಊರಿಗೆ, ಬಸ್ಸು ರೈಲು ಫುಲ್.

ಹೋಗುದು ಹೇಗೆ ಅಂದ್ರೆ ನಮ್ಮ ಮಂಗಳೂರಿನ ಬಜ್ಪೆ ಏರ್‌ಪೋರ್ಟಿಂದ ನೇರ ಫ್ಲೈಟ್ ಇಲ್ಲ, ಬೆಂಗಳೂರು ಇಲ್ಲಾ ಚೆನ್ನೈಗೆ ಹೋಗ್ಬೇಕು, ಅಲ್ಲಿಂದ ಒಂದೂವರೆ ಗಂಟೆ ಆಸುಪಾಸು. ಮಳೆಗಾಲದಲ್ಲಿ ಘಾಟಿಯಲ್ಲಿ ಯಾವಾಗ ಮಣ್ಣು ಬೀಳ್ತದೆ ಹೇಳ್ಲಿಕ್ಕಾಗುದಿಲ್ಲ, ರಾತ್ರಿ ಬಸ್ಸಲ್ಲಿ ಹೋಗಿ ಬೆಳಿಗ್ಗೆ ಫ್ಲೈಟ್ ಹಿಡಿಯುವ ಧೈರ್ಯ ಮಾಡ್ಬೇಡಿ. ನನ್ನ ಕೇಳಿದ್ರೆ ಜೂನ್ ಜುಲೈಗೆ ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಟ್ರೈನೇ ಒಳ್ಳೇದು, ಪಾಲಕ್ಕಾಡ್ ಮೇಲೆ ಹೋಗ್ತದೆ, ಶಿರಾಡಿಯ ರಗಳೆ ಇಲ್ಲ. ವೀಸಾಕ್ಕೆ ಇಟಿಎ ಅಂತ ಆನ್‌ಲೈನಲ್ಲಿ ಮೊದಲೇ ಮಾಡ್ಕೊಳ್ಬೇಕು. ಫೀಸು, ರೂಲು ಎರಡೂ ಆಗಾಗ ಬದಲಾಗ್ತದೆ, ಹಾಗಾಗಿ ಅವರ ಸರ್ಕಾರದ ಸೈಟಲ್ಲೇ ನೋಡಿ. ಗೂಗಲ್ ಮಾಡಿದ್ರೆ ಮೇಲೆ ಬರುವುದು ಹೆಚ್ಚಾಗಿ ಏಜೆಂಟ್‌ಗಳ ಸೈಟು, ಅವು ಡಬಲ್ ತಗೊಳ್ತವೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಬಾಳಿಕೆ ಇರ್ಬೇಕು.

ವಾಚು ತಿರುಗಿಸುದು ಬೇಡ, ಟೈಮ್ ನಮ್ದೇ. ನಮ್ಮ ಒಂದು ರೂಪಾಯಿಗೆ ಅವರದ್ದು ಮೂರಕ್ಕಿಂತ ಹೆಚ್ಚು ಸಿಗ್ತದೆ, ಬಿಲ್ ನೋಡಿ ಹೆದರ್ಬೇಡಿ. 2024ರ ಫೆಬ್ರವರಿಯಿಂದ ಯುಪಿಐ ಕೂಡ ಉಂಟು, ಲಂಕಾ ಕ್ಯೂಆರ್ ಇರುವ ಅಂಗಡಿಗಳಲ್ಲಿ. ಆದ್ರೆ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಅಂತ ಆನ್ ಮಾಡ್ಕೊಂಡು ಹೋಗ್ಬೇಕು, ಮತ್ತೆ ರಸ್ತೆ ಬದಿ ಗೂಡಂಗಡಿಯಲ್ಲಿ ಕ್ಯಾಶೇ. ಆಟೋಗೆ ಪಿಕ್‌ಮೀ ಆ್ಯಪ್ ಹಾಕ್ಕೊಳ್ಳಿ, ಚೌಕಾಸಿ ತಲೆಬಿಸಿ ಇಲ್ಲ.

ಇನ್ನು ಇಡೀ ದ್ವೀಪ ಒಂದೇ ವಾರದಲ್ಲಿ ಸುತ್ತುವ ಪ್ಯಾಕೇಜ್ ಬೇಡವೇ ಬೇಡ. ಮ್ಯಾಪಲ್ಲಿ ಸಣ್ಣದು ಕಾಣ್ತದೆ ಅಷ್ಟೆ. ಕೊಲಂಬೊದಿಂದ ಕ್ಯಾಂಡಿ 115 ಕಿಲೋಮೀಟರ್ ಆಸುಪಾಸು, ಕಾರಲ್ಲಿ ಮೂರು ಗಂಟೆ ಮೇಲೆ ಬೇಕು. ಕ್ಯಾಂಡಿಯಿಂದ ಎಲ್ಲಾ ಎನ್ನುವ ಊರಿಗೆ ಟೀ ತೋಟದ ನಡುವೆ ಹೋಗುವ ಫೇಮಸ್ ರೈಲು ಆರೇಳು ಗಂಟೆ. ಅದರ ರಿಸರ್ವೇಶನ್ 30 ದಿನ ಮೊದಲು ಓಪನ್ ಆಗಿ ಆಗ್ಲೇ ಖಾಲಿ ಆಗ್ತದೆ, ಫಸ್ಟ್ ಕ್ಲಾಸ್ ಎಸಿಯಲ್ಲಿ ಕಿಟಕಿ ತೆರೆಯುದಿಲ್ಲ, ಸೆಕೆಂಡ್ ಕ್ಲಾಸೇ ಗಮ್ಮತ್ತು. ಆದ್ರೆ 2025ರ ನವೆಂಬರ್ ಕೊನೆಗೆ ಬಂದ ದಿತ್ವಾ ಚಂಡಮಾರುತದಲ್ಲಿ ಬೆಟ್ಟದ ಈ ಲೈನಿಗೆ ದೊಡ್ಡ ಪೆಟ್ಟು ಬಿದ್ದಿತ್ತು, ಎಲ್ಲಿಂದ ಎಲ್ಲಿಗೆ ಓಡ್ತಾ ಉಂಟು ಅಂತ ನೋಡಿಯೇ ರೂಮು ಬುಕ್ ಮಾಡಿ. ಒಂದು ಸ್ವೆಟರ್ ಹಿಡ್ಕೊಳ್ಳಿ. ನುವಾರ ಎಲಿಯ 1,868 ಮೀಟರ್ ಎತ್ತರ, ನಮ್ಮಂಥ ಸೆಕೆಯವರು ನಡುಗ್ತೇವೆ.

ಊಟದ್ದು ನಾನು ಎಷ್ಟು ಬರೆದ್ರೂ ಮುಗಿಯುದಿಲ್ಲ. ಪೊಲೊಸ್ ಅಂತ ಮೆನುವಲ್ಲಿ ಕಂಡ್ರೆ ಹೆದರ್ಬೇಡಿ, ನಮ್ಮ ಗುಜ್ಜೆ (ಎಳೆ ಹಲಸು) ಪಲ್ಯದ ಅಣ್ಣ. ಜೀಗುಜ್ಜೆಯನ್ನೂ ತೆಂಗಿನ ಹಾಲಲ್ಲಿ ಮಾಡ್ತಾರೆ. ರಸ್ತೆ ಬದಿ ಕಿತ್ತಳೆ ಬಣ್ಣದ ಬೊಂಡ ರಾಶಿ ಹಾಕಿರ್ತಾರೆ, ತಂಬಿಲಿ ಅಂತಾರೆ, ನೋಡ್ಲಿಕ್ಕೆ ನಮ್ಮ ಗೆಂದಾಳಿಯೇ. ಅಂಬುಲ್ ತಿಯಲ್ ಅಂತ ಒಂದು ಹುಳಿ ಮೀನು, ಅದಕ್ಕೆ ಹಾಕುವ ಗೊರಕ ನಮ್ಮ ಘಟ್ಟದ ಬುಡದ ಉಪ್ಪಾಗೆ, ಬಂಗುಡೆ ಪುಳಿಮುಂಚಿಯವರು ಮಿಸ್ ಮಾಡ್ಬಾರ್ದು. ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಪಾಕ ಹೊಯ್ದು ಕೊಡ್ತಾರೆ, ಅದೊಂದಕ್ಕೇ ನಾನು ಮತ್ತೆ ಹೋಗಿಯೇನು. ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಪೊಲ್ ಸಂಬೋಲ್ ಅಂದ್ರೆ ನೋಡ್ಲಿಕ್ಕೆ ಪಾಪದ ತೆಂಗಿನಕಾಯಿ ಚಟ್ನಿ, ಒಳಗೆ ಉಂಬಲಕಡ ಅಂತ ಒಣ ಮೀನಿನ ಪುಡಿ ಹಾಕಿರ್ತಾರೆ ಹೆಚ್ಚಿನ ಕಡೆ. ಮೊದಲೇ ಕೇಳಿ. ಮನೆಯ ಹಿರಿಯರನ್ನು ಕರ್ಕೊಂಡು ಹೋದ್ರೆ ಕೊಲಂಬೊದಲ್ಲಿ ವೆಳ್ಳವತ್ತೆ ಕಡೆ ತಮಿಳರ ಸೈವ ಹೋಟೆಲ್‌ಗಳು ಉಂಟು, ಇಡ್ಲಿ ದೋಸೆ ಸಿಗ್ತದೆ, ಮನೆಯಲ್ಲಿ ಜಗಳ ಆಗುದಿಲ್ಲ.

ದೇವಸ್ಥಾನಗಳಲ್ಲಿ ಭುಜ, ಮೊಣಕಾಲು ಮುಚ್ಚಿರ್ಬೇಕು, ಚಪ್ಪಲಿ ಹೊರಗೆ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುದು ಅಲ್ಲಿ ದೊಡ್ಡ ಅಪರಾಧದ ಹಾಗೆ, ಮಾಡ್ಬೇಡಿ. ಹುಣ್ಣಿಮೆಗೆ ಪೋಯ ಅಂತ ಪ್ರತಿ ತಿಂಗಳು ರಜೆ, ಆ ದಿನ ಮದ್ಯ ಮಾರುದಿಲ್ಲ, ಬ್ಯಾಚುಲರ್ ಗ್ಯಾಂಗುಗಳು ಕ್ಯಾಲೆಂಡರ್ ನೋಡಿ ಹೊರಡಿ. ಸಿಗಿರಿಯ ಬಂಡೆಗೆ ಸಾವಿರದ ಇನ್ನೂರರಷ್ಟು ಮೆಟ್ಟಿಲು, ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹತ್ತಿ. ಅಲ್ಲಿ ಟಿಕೆಟ್ ಕೌಂಟರಲ್ಲಿ ಸಾರ್ಕ್ ರೇಟ್, ಅಂದ್ರೆ ದಕ್ಷಿಣ ಏಷ್ಯಾ ದೇಶದವರಿಗೆ ಕಮ್ಮಿ ದರ, ಉಂಟಾ ಅಂತ ಕೇಳಿ, ಪಾಸ್‌ಪೋರ್ಟ್ ಕೈಯಲ್ಲೇ ಇರ್ಲಿ.

ಕೊನೆಗೊಂದು, ಇದನ್ನು ಟ್ರಾವೆಲ್ ಏಜೆಂಟ್ ಯಾರೂ ಹೇಳುದಿಲ್ಲ. ಶ್ರೀಲಂಕಾದಲ್ಲಿ ಮಲೇರಿಯಾ ಇಲ್ಲ, 2016ರಲ್ಲೇ ಡಬ್ಲ್ಯುಎಚ್‌ಒ ಸರ್ಟಿಫಿಕೇಟ್ ಕೊಟ್ಟಿದೆ. ಆದ್ರೆ ಡೆಂಗ್ಯೂ ಉಂಟು. ನಮ್ಮ ಮಂಗಳೂರಿನ ಹೆಸರು ಮಲೇರಿಯಾಕ್ಕೆ ಎಷ್ಟು ಪ್ರಸಿದ್ಧ ಅಂತ ಗೊತ್ತಲ್ಲ! ಅದನ್ನು ಇಲ್ಲಿಂದಲೇ ಹೊತ್ಕೊಂಡು ಹೋಗಿರ್ಲಿಕ್ಕೂ ಸಾಕು. ಅಲ್ಲಿ ಜ್ವರ ಬಂದ್ರೆ ಡಾಕ್ಟ್ರ ತಲೆ ಮೊದಲು ಡೆಂಗ್ಯೂ ಕಡೆಗೇ ಹೋದೀತು, ನೀವೇ ಬಾಯಿಬಿಟ್ಟು ಮಂಗಳೂರಿಂದ ಬಂದದ್ದು, ಮಲೇರಿಯಾ ಟೆಸ್ಟೂ ಮಾಡಿ ಅಂತ ಹೇಳ್ಬೇಕು. ಅಲ್ಲಿವರೆಗೆ ಪ್ಯಾರಸಿಟಮಾಲ್ ಮಾತ್ರ, ಬ್ರೂಫೆನ್ ಆಸ್ಪಿರಿನ್ ಮುಟ್ಬೇಡಿ, ಡೆಂಗ್ಯೂ ಆಗಿದ್ರೆ ರಕ್ತಸ್ರಾವದ ಭಯ. ಸೊಳ್ಳೆ ಕ್ರೀಮು ಇಲ್ಲಿಂದಲೇ ತಗೊಂಡು ಹೋಗಿ, ಸಂಜೆ ಮಾತ್ರ ಅಲ್ಲ, ಹಗಲಲ್ಲೂ ಹಚ್ಚಿ, ಡೆಂಗ್ಯೂ ಸೊಳ್ಳೆ ಕಚ್ಚುದು ಹಗಲಿಗೇ.