ಮೊರದ ತುಂಬಾ ತಿಂಡಿ, ಅತ್ತೆ ಕೂತ್ಕೊಂಡ ಭಾನುವಾರ

ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮನೆಯವರ ಆಫೀಸಿನವರು ಫ್ಯಾಮಿಲಿ ಸಮೇತ ಬೆಂಗಳೂರಿಂದ ಬರ್ತೀವಿ ಅಂದ್ರು. ಬೆಳಿಗ್ಗೆ ನಂದಿ ಬೆಟ್ಟ, ಆಮೇಲೆ ಕೆಳಗಡೆ ಭೋಗನಂದೀಶ್ವರ ದೇವಸ್ಥಾನ, ಊಟ ಎಲ್ಲ ಹೊರಗಡೆನೇ, ಸಂಜೆ ನಾಲ್ಕಕ್ಕೆ ಚಿಕ್ಕಬಳ್ಳಾಪುರಕ್ಕೆ ಬಂದು ನಮ್ಮನೇಲಿ ಒಂದು ಗಂಟೆ ಕೂತು ವಾಪಸ್ ಹೊರಡೋದು, "ಏನೂ ಮಾಡ್ಬೇಡಿ, ಬರೀ ಟೀ ಸಾಕು" ಅಂತ ಬೇರೆ ಹೇಳಿದ್ರು. ದೊಡ್ಡವರು 12, ಮಕ್ಕಳು 5. 17 ಜನ ಮನೆಗೆ ಬಂದಾಗ ಬರೀ ಟೀ ಕೊಟ್ಟು ಕಳಿಸೋ ಮನೆ ನಮ್ಮ ಕಡೆ ಯಾವ್ದಿದೆ ಹೇಳಿ.

ಇಂಥ ಹೊತ್ತಲ್ಲಿ ನಮ್ಮತ್ತೆ ಮಾಡೋದು ಒಂದೇ, ಉಪ್ಪಿಟ್ಟು ಕೇಸರಿಬಾತು. ಬಂದವರು ಚಪ್ಪಲಿ ಬಿಟ್ಟು ಒಳಗೆ ಬರ್ತಿದ್ದ ಹಾಗೆ ಒಗ್ಗರಣೆ ಚಟಪಟ ಅನ್ನತ್ತೆ, ಬಿಸಿಬಿಸಿ ತಟ್ಟೆ ಹೋಗತ್ತೆ, ಇನ್ನೊಂಚೂರು ಹಾಕ್ಕೊಳಿ ಅಂತ ಬಲವಂತ ಆಗತ್ತೆ, ಅಷ್ಟರಲ್ಲಿ ಟೀ, ಅಷ್ಟರಲ್ಲಿ ಲೋಟ ತೊಳೆಯೋದು, ಬಂದವರು ಹೊರಟ್ಮೇಲೆ ಅತ್ತೆ "ಆ ಹುಡುಗಿಗೆ ಮದುವೆ ಆಗೈತಾ, ಯಾವೂರೋರಂತೆ" ಅಂತ ನನ್ನ ಕೇಳ್ತಾರೆ. ಅಂದ್ರೆ ಒಂದು ಗಂಟೆ ಮನೇಲಿದ್ದವರ ಜೊತೆ ಅವರು ಒಂದು ಮಾತೂ ಆಡಿರಲ್ಲ. ಹೋದ ವರ್ಷದಿಂದ ಮಂಡಿ ನೋವು ಜಾಸ್ತಿ, ಆದ್ರೂ ಅಡುಗೆಮನೆ ಬಾಗಿಲಲ್ಲೇ ನಿಂತಿರ್ತಾರೆ. ಅದಕ್ಕೇ ಈ ಸಲ ಎಲ್ಲಾನೂ ಒಂದೇ ಕಡೆ ಜೋಡಿಸಿಟ್ಟು ಬಿಡೋಣ, ಯಾರಿಗೆ ಏನ್ ಬೇಕೋ ಅವರೇ ತಗೊಳ್ಳಲಿ, ನೀವೂ ಕೂತ್ಕೊಳಿ ಅತ್ತೆ ಅಂದೆ.

ಮೊಬೈಲಲ್ಲಿ ಫೋಟೋ ತೋರಿಸ್ದೆ, ಉದ್ದನೆ ಮರದ ಹಲಗೆ ಮೇಲೆ ಹಣ್ಣು, ಬಿಸ್ಕತ್ತು, ಚೀಸು, ಬಾದಾಮಿ ಎಲ್ಲ ಜಾಗ ಬಿಡದೆ ತುಂಬಿರ್ತಾರಲ್ಲ, ಗ್ರೇಜಿಂಗ್ ಬೋರ್ಡ್ ಅಂತಾರೆ. ಗ್ರೇಜಿಂಗ್ ಅಂದ್ರೇನು ಅಂದ್ರು, ಮೇಯೋದು ಅಂದೆ. "ಅಯ್ಯೋ, ಮನೆಗೆ ಬಂದೋರನ್ನ ಮೇಯಕ್ಕೆ ಬಿಡ್ತೀಯೇನಮ್ಮ" ಅಂದ್ರು. ಅವರು ನಗ್ತಾ ಅಂದ್ರೂ ಒಳಗೆ ಬೇಜಾರು ಇತ್ತು ಅಂತ ಗೊತ್ತಾಯ್ತು, ನಾವು ಕೈಯಾರೆ ಬಡಿಸಿದ್ರೇ ಮರ್ಯಾದೆ, ತಗೊಂಡು ತಿನ್ನಿ ಅಂತ ಮುಂದಿಟ್ರೆ ಅದು ಉಪಚಾರ ಅಲ್ಲ ಅನ್ನೋದು ಅವರ ನಂಬಿಕೆ. ಅದು ತಪ್ಪು ಅಂತ ನನಗೂ ಅನ್ಸಲ್ಲ.

ಇದಕ್ಕೆ ಹಿಂದೆ ದೀಪಾವಳಿ ಟೈಮಲ್ಲಿ ನಾನು ಒಂದ್ಸಲ ಇದನ್ನ ಮಾಡಿದ್ದೆ, ಸರಿಯಾಗಿರಲಿಲ್ಲ. ಫೋಟೋದಲ್ಲಿ ಇದ್ದ ಹಾಗೇ ಎಲ್ಲಾನೂ ಒತ್ತೊತ್ತಾಗಿ ಇಟ್ಟಿದ್ದೆ, ಸೌತೆಕಾಯಿ ಹೋಳಿಗೆ ಉಪ್ಪು ಹಾಕಿದ್ದೆ, ಉಪ್ಪು ಬಿದ್ರೆ ಸೌತೆಕಾಯಿ ನೀರು ಬಿಡದೆ ಇರತ್ತಾ, ಅರ್ಧ ಗಂಟೇಲಿ ಆ ನೀರೆಲ್ಲ ಪಕ್ಕದಲ್ಲಿದ್ದ ಚಕ್ಲಿ ಕೆಳಗೆ ಹೋಗಿ ಚಕ್ಲಿ ಮೆತ್ತಗಾಯ್ತು. ಆದ್ರೆ ಚಕ್ಲಿಗಿಂತ ನನ್ನ ಮನಸಲ್ಲಿ ಉಳಿದಿದ್ದು ಬೇರೆ. ಅವತ್ತು ಬಂದಿದ್ದ ಒಬ್ಬರು ದೊಡ್ಡಮ್ಮ, ಮಗುವೊಂದು ಅರ್ಧ ಕಚ್ಚಿದ ಕೋಡುಬಳೆ ಕೈಯಲ್ಲಿಟ್ಕೊಂಡೇ ಮತ್ತೆ ತಟ್ಟೆಗೆ ಕೈ ಹಾಕಿದ್ದು ನೋಡಿ "ನಂಗೆ ಬೇಡಮ್ಮ, ಇವತ್ತು ಒಪ್ಪೊತ್ತು" ಅಂದ್ಬಿಟ್ರು. ಒಪ್ಪೊತ್ತು ಗಿಪ್ಪೊತ್ತು ಏನಿರಲಿಲ್ಲ, ಎಂಜಲಾಯ್ತು ಅಂತ ಬಾಯ್ಬಿಟ್ಟು ಹೇಳೋಕೆ ಅವರಿಗೆ ಸಂಕೋಚ. ಮನೆಗೆ ಬಂದ ಹಿರಿಯರು ಬರೀ ನೀರು ಕುಡಿದು ಎದ್ದೋದ್ರು, ಅದು ನನಗೆ ತುಂಬಾ ದಿನ ಚುಚ್ತಾ ಇತ್ತು. ಎಂಜಲು ಅನ್ನೋದನ್ನ ಹಳೇ ಕಾಲದ್ದು ಅಂತ ತಳ್ಳಿಹಾಕೋಕೆ ಆಗಲ್ಲ, ಹತ್ತಾರು ಕೈ ಬೀಳೋ ತಟ್ಟೆಗೆ ಅದಕ್ಕಿಂತ ಒಳ್ಳೆ ನಿಯಮ ಯಾವ್ದಿದೆ.

ಹಾಗಾಗಿ ಈ ಸಲ ಮೊದಲು ತಂದಿದ್ದೇ ಚಮಚ ಮತ್ತೆ ದೊನ್ನೆ. ಅಡಿಕೆ ಹಾಳೆಯ ಸಣ್ಣ ತಟ್ಟೆ 25, ಪ್ರತಿ ಐಟಮ್ಮಿಗೂ ಒಂದೊಂದು ಚಮಚ ಅಥವಾ ಇಕ್ಕಳ. ದೊಡ್ಡ ತಟ್ಟೆಯಿಂದ ಯಾರೂ ನೇರವಾಗಿ ಬಾಯಿಗೆ ಹಾಕ್ಕೊಳ್ಳಲ್ಲ, ತಮ್ಮ ತಟ್ಟೆಗೆ ಹಾಕ್ಕೊಂಡು ಅಲ್ಲಿಂದ ತಿನ್ನೋದು. ಇದನ್ನ ಹೇಳಿದ್ಮೇಲೆ ಅತ್ತೆ ಅರ್ಧ ಒಪ್ಪಿದ್ರು.

ಹಲಗೆ ನಮ್ಮನೇಲಿ ಎಲ್ಲಿದೆ. ಮಣೆ ಇದೆ, ಕೂರೋ ಮಣೆ ಮೇಲೆ ತಿಂಡಿ ಇಡೋಕಾಗಲ್ಲ. ಆಗ ಅತ್ತೆಗೇ ಹೊಳೆದಿದ್ದು ಮೊರ. ಗೌರಿ ಹಬ್ಬಕ್ಕೆ ಬಾಗಿನಕ್ಕೆ ಅಂತ ತಂದಿದ್ರಲ್ಲಿ ಒಂದು ಜೊತೆ ಹಾಗೇ ಉಳಿದಿತ್ತು, ಬಿದಿರಿಂದು, ಬಳಸೇ ಇರಲಿಲ್ಲ. "ಮೊರದಲ್ಲಿ ಇಟ್ಟು ಬಾಗಿನನೇ ಕೊಡ್ತೀವಂತೆ, ತಿಂಡಿ ಇಟ್ರೆ ಏನಾಗತ್ತೆ" ಅಂದ್ರು. ಬಾಳೆಲೆ ಹಿತ್ತಲಲ್ಲೇ ಇತ್ತು, ಒಲೆ ಉರಿ ಮೇಲೆ ಹಾಗೆ ಹೀಗೆ ಆಡಿಸಿ ಬಾಡಿಸಿದ್ರೆ ಹರಿಯದೆ ಮೊರದ ಅಂಚಿಗೆ ಬಗ್ಗಿ ಕೂರತ್ತೆ. ಎರಡೂ ಮೊರ ಒಣ ತಿಂಡಿಗೆ, ನೀರಿನ ಅಂಶ ಇರೋ ಹಣ್ಣು ತರಕಾರಿಗೆ ಬೇರೆ ದೊಡ್ಡ ಸ್ಟೀಲ್ ಹರಿವಾಣ. ಫೋಟೋದಲ್ಲಿ ಒಂದೇ ಹಲಗೆ ಚೆಂದ ಕಾಣತ್ತೆ ನಿಜ, ಆದ್ರೆ ಹೊರದೇಶದ ಊರುಗಳ ಚಳಿಯಲ್ಲಿ ಚೀಸು, ಉಪ್ಪಲ್ಲಿ ಒಣಗಿಸಿದ ಮಾಂಸ ಇಡೋಕೆ ಸರಿ ಅದು. ಇಂಥ ಹಲಗೆಗೆ ಶಾರ್ಕುಟ್ರಿ ಬೋರ್ಡ್ ಅಂತಲೂ ಅಂತಾರೆ, ಆ ಶಾರ್ಕುಟ್ರಿ ಅನ್ನೋ ಫ್ರೆಂಚ್ ಪದನೇ ಮಾಂಸ, ಬೇಯಿಸಿದ್ದು ಅನ್ನೋ ಎರಡು ಮಾತು ಸೇರಿ ಆಗಿರೋದಂತೆ, ಮುಖ್ಯವಾಗಿ ಹಂದಿ ಮಾಂಸನ ಕೆಡದ ಹಾಗೆ ಮಾಡಿಡೋ ಕಸುಬು. ನಮ್ಮ ನಿಪ್ಪಟ್ಟು ಚಕ್ಲಿಗೆ ಬೇಕಾಗಿರೋದು ಗಾಳಿ ಆಡೋ ಜಾಗ, ಅದಕ್ಕೆ ಮೊರಾನೇ ಸರಿ.

ಶುಕ್ರವಾರ ರಾತ್ರಿ ಒಂದು ಫೋನ್ ಬಂತು. ಬರೋರಲ್ಲಿ ಒಬ್ಬರ ಮಗ, ಆರು ವರ್ಷ, ಅವನಿಗೆ ಕಡ್ಲೆಕಾಯಿ ಅಲರ್ಜಿ. ಆ ತಾಯಿ ಎಷ್ಟು ಹಿಂಜರಿದು ಹೇಳಿದ್ರು ಅಂದ್ರೆ, "ನೀವು ಏನೂ ಬದಲಾಯಿಸ್ಬೇಡಿ ಮೇಡಂ, ಅವನಿಗೆ ನಾನೇ ಡಬ್ಬೀಲಿ ತರ್ತೀನಿ, ಸುಮ್ನೆ ಗೊತ್ತಿರಲಿ ಅಂತ ಹೇಳಿದೆ ಅಷ್ಟೇ" ಅಂದ್ರು. ಫೋನ್ ಇಟ್ಟು ಲಿಸ್ಟ್ ನೋಡಿದ್ರೆ ನನಗೆ ಕೈ ಕಾಲೇ ಆಡಲಿಲ್ಲ. ಬೇಯಿಸಿದ ಕಡ್ಲೆಕಾಯಿ, ಕಾಂಗ್ರೆಸ್ ಕಡ್ಲೆಬೀಜ, ನಿಪ್ಪಟ್ಟಲ್ಲಿ ಕಡ್ಲೆಬೀಜ, ಮಿಕ್ಸ್ಚರಲ್ಲಿ ಕಡ್ಲೆಬೀಜ, ಚಿಕ್ಕಿ, ಎಳ್ಳು ಬೆಲ್ಲದಲ್ಲಿ ಕಡ್ಲೆಬೀಜ, ಕರಿಯೋ ಎಣ್ಣೆನೂ ಕಡ್ಲೆಕಾಯಿ ಎಣ್ಣೆ. ನಮ್ಮ ಕಡೆ ಅಡುಗೆಮನೇಲಿ ಕಡ್ಲೆಕಾಯಿ ಬಿಟ್ರೆ ಏನ್ ಉಳಿಯತ್ತೆ. ಬೇರೆ ಬೇರೆ ತಟ್ಟೇಲಿ ಇಡೋಣ ಅಂದ್ಕೊಂಡೆ, ಆಮೇಲೆ ಯೋಚಿಸಿದ್ರೆ ಐದು ಮಕ್ಕಳು ಓಡಾಡೋ ಮನೇಲಿ ಈ ಚಮಚ ಆ ಬಟ್ಟಲಿಗೆ ಹೋಗೋದು ಎಷ್ಟು ಹೊತ್ತು, ಕೆಲವರಿಗೆ ಅದರ ಪುಡಿ ಸೋಕಿದ್ರೂ ಸಾಕಂತೆ. ಆ ಮಗು ಒಂದು ಮೂಲೇಲಿ ಕೂತು ತನ್ನ ಡಬ್ಬಿ ಬಿಚ್ಕೊಂಡು ಮಿಕ್ಕವರನ್ನ ನೋಡ್ತಾ ತಿನ್ನೋದು ನನ್ನ ಕಣ್ಮುಂದೆ ಬಂತು, ಆ ದೊಡ್ಡಮ್ಮ ನೀರು ಕುಡಿದು ಎದ್ದೋದ ಹಾಗೇ ಇದೂ ಅಂತ ಅನ್ಸ್ತು.

ಅತ್ತೆಗೆ ಹೇಳಿದೆ. "ಕಡ್ಲೆಕಾಯಿ ಇಲ್ದೆ ನಿಪ್ಪಟ್ಟಾ?" ಅಂದ್ರು. ಸ್ವಲ್ಪ ಹೊತ್ತು ಸುಮ್ನಿದ್ದು "ಆ ಮಗೀಗೆ ಎಳ್ಳು ಆಗತ್ತಾ, ಕೊಬ್ಬರಿ ಆಗತ್ತಾ, ಗೋಡಂಬಿ ಆಗತ್ತಾ, ಕೇಳು" ಅಂದ್ರು. ಅವರು ಕೇಳೋ ತನಕ ನನಗೆ ಆ ಪ್ರಶ್ನೆನೇ ಹೊಳೆದಿರಲಿಲ್ಲ. ಎಳ್ಳು, ಕೊಬ್ಬರಿ, ಹುರಿಗಡಲೆ ತಿಂತಾನೆ, ಗೋಡಂಬಿ ಬಾದಾಮಿ ಕೊಡಲ್ಲ ಅಂತ ಉತ್ತರ ಬಂತು. ಶನಿವಾರ ಬೆಳಿಗ್ಗೆ ಅತ್ತೆ ಬಾಣಲೆ, ಜಾಲರಿ ಎಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಆಮೇಲೆ ಸೋಪಲ್ಲಿ ಇನ್ನೊಂದ್ಸಲ ತೊಳೆದು, ಹೊಸ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಒಡೆದು, ಹೊಸ ಪ್ಯಾಕೆಟ್ ಅಕ್ಕಿ ಹಿಟ್ಟಿಗೆ ಹುರಿಗಡಲೆ ಪುಡಿ, ಎಳ್ಳು, ಕೊಬ್ಬರಿ ತುರಿ, ಕರಿಬೇವು ಹಾಕಿ ನಿಪ್ಪಟ್ಟು ತಟ್ಟಿದ್ರು. ಕಾಂಡಿಮೆಂಟ್ಸ್ ಅಂಗಡಿಯಿಂದ ಏನೂ ತರಲಿಲ್ಲ, ಅಲ್ಲಿ ಎಲ್ಲ ಒಂದೇ ಎಣ್ಣೇಲಿ ಕರಿದಿರ್ತಾರೆ. ಹಬ್ಬಕ್ಕೆ ಅಂತ ಬೆರೆಸಿಟ್ಟಿದ್ದ ಎಳ್ಳಿನ ಡಬ್ಬ, ಕಡ್ಲೆಬೀಜದ ಡಬ್ಬ, ಚಿಕ್ಕಿ ಎಲ್ಲ ಮೇಲಿನ ರೂಮಿನ ಬೀರುಗೆ ಹೋಯ್ತು, ಕಟ್ಟೆ ಒರೆಸಿದ ಬಟ್ಟೆನೂ ಬಿಸಾಕಿದ್ವಿ.

ಕಡ್ಲೆಕಾಯಿ ಜಾಗಕ್ಕೆ ಬಂದಿದ್ದು ಅವರೆಕಾಯಿ, ಸೀಸನ್ನೇ ಅಲ್ವಾ. ಇಬ್ಬನಿ ಕುಡಿದ ಸೊಗಡವರೆ, ಮುಟ್ಟಿದ್ರೆ ಕೈಗೆ ಎಣ್ಣೆ ಥರ ಅಂಟಬೇಕು, ವಾಸನೆ ಚೀಲದಿಂದನೇ ಬರಬೇಕು. ಐದು ಕೆಜಿ ತಂದ್ವಿ. ಮೂರು ಕೆಜಿ ಸುಲಿದು, ಕಾಳನ್ನ ರಾತ್ರಿ ನೆನೆಸಿ ಬೆಳಿಗ್ಗೆ ಹಿತಕಿ, ಹಿತಕಿದ ಬೇಳೆನ ಬಟ್ಟೆ ಮೇಲೆ ಹರಡಿ ಒಂದು ಗಂಟೆ ಫ್ಯಾನ್ ಹಾಕಿ ಆರಿಸಿದ್ದು (ಒದ್ದೆ ಇದ್ರೆ ಎಣ್ಣೆ ಮುಖಕ್ಕೇ ಸಿಡಿಯತ್ತೆ, ಹುಷಾರು), ಆಮೇಲೆ ಸ್ವಲ್ಪ ಸ್ವಲ್ಪ ಹಾಕಿ ಗರಿಗರಿ ಕರಿದು, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಕೊಬ್ಬರಿ ಚೂರು, ಉಪ್ಪು, ಅಚ್ಚಖಾರದ ಪುಡಿ. ಉಳಿದ ಎರಡು ಕೆಜಿ ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿದ್ದು ಅಷ್ಟೇ. ಒಂದೂವರೆ ಕೆಜಿ ಗೆಣಸು ಬೇಯಿಸಿ ಬಿಲ್ಲೆ ಮಾಡಿದ್ದು, ಸೀಬೆಕಾಯಿ, ಎಲಚಿಹಣ್ಣು, ಕಬ್ಬಿನ ತುಂಡು, ನಮ್ಮೂರ ಕಪ್ಪು ದ್ರಾಕ್ಷಿ, ಅದೇ ಬೆಂಗಳೂರು ಬ್ಲೂ, ಹೆಸರು ಬೆಂಗಳೂರಿಂದು ಆದ್ರೂ ತೋಟ ಇರೋದು ನಮ್ಮ ಕಡೆನೂ. ಸಿಪ್ಪೆ ದಪ್ಪ, ಬೀಜ ಇದೆ, ಆದ್ರೆ ಆ ಘಮ ಬೇರೆ ಯಾವ ದ್ರಾಕ್ಷೀಲೂ ಇಲ್ಲ. ಎರಡು ಪುಟ್ಟ ಮಕ್ಕಳಿದ್ರು, ಅವರಿಗೆ ಉದ್ದಕ್ಕೆ ಸೀಳಿ ಬೀಜ ತೆಗೆದು ಬೇರೆ ಇಟ್ಟೆ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕೊಳತ್ತೆ ಅನ್ನೋ ಭಯ ನನಗೆ ಯಾವಾಗ್ಲೂ. ಗಟ್ಟಿ ಮೊಸರನ್ನ ಬಟ್ಟೇಲಿ ಕಟ್ಟಿ ನೇತುಹಾಕಿ ನೀರು ಇಳಿಸಿ ಕೊತ್ತಂಬರಿ ಹಸಿಮೆಣಸಿನಕಾಯಿ ರುಬ್ಬಿ ಹಾಕಿದ ಒಂದು ಬಟ್ಟಲು, ಸೌತೆ ಕ್ಯಾರೆಟ್ ಅದ್ದೋಕೆ. ಮಕ್ಕಳಿಗೆ ಅಂತ ಚೀಸ್ ಕ್ಯೂಬ್.

ಮೂರೂವರೆಗೆ ಜೋಡಿಸೋಕೆ ಕೂತೆ. ಮೊದಲು ಬಟ್ಟಲುಗಳು, ಆಮೇಲೆ ದೊಡ್ಡವು, ಕೊನೇಲಿ ಸಂದಿಗೆ ಸಣ್ಣವು. ಸೀಬೆಕಾಯಿ ಹೆಚ್ಚಿದ್ದು ಕೊನೇ ಹತ್ತು ನಿಮಿಷಕ್ಕೆ, ನಿಂಬೆರಸ ಸವರಿದ್ರೆ ಕಪ್ಪಾಗಲ್ಲ. ಹೆಚ್ಚಿದ ಹಣ್ಣು ತರಕಾರಿ ಯಾವುದಕ್ಕೂ ಉಪ್ಪು ಖಾರ ಹಾಕಲೇ ಇಲ್ಲ, ಪಕ್ಕದಲ್ಲಿ ಬಟ್ಟಲಲ್ಲಿ ಇಟ್ಟೆ, ಬೇಕಾದವರು ಉದುರಿಸ್ಕೊಳ್ಳಲಿ, ಅಲ್ಲಿಗೆ ನೀರು ಬಿಡೋ ಸಮಸ್ಯೆನೂ ಹೋಯ್ತು ಬಿಪಿ ಇರೋರಿಗೂ ಆಯ್ತು. ಹೆಚ್ಚಿದ ಹಣ್ಣು, ಮೊಸರಿಂದು ಎರಡು ಗಂಟೆ ಮೇಲೆ ಹೊರಗಿಡಬಾರದು, ಅದಕ್ಕೆ ಅರ್ಧ ಮಾತ್ರ ಇಟ್ಟು ಅರ್ಧ ಫ್ರಿಜ್ಜಲ್ಲಿಟ್ಟೆ.

ಅವರು ಬಂದಿದ್ದು ನಾಲ್ಕೂ ಇಪ್ಪತ್ತಕ್ಕೆ. ಎಲ್ಲರೂ ಕೈ ತೊಳೆದು ಬಂದು ಕೂತ್ಮೇಲೆ ನಾನು ಆ ತಾಯಿಗೆ ಮಾತ್ರ ಮೆಲ್ಲಗೆ ಹೇಳಿದೆ, ಇದರಲ್ಲಿ ಕಡ್ಲೆಕಾಯಿನೂ ಇಲ್ಲ ಗೋಡಂಬಿನೂ ಇಲ್ಲ, ಎಣ್ಣೆನೂ ಬೇರೆ, ಬಾಣಲೆ ತೊಳೆದೇ ಮಾಡಿದೀವಿ ಅಂತ. ಅವರು ಒಂದೊಂದನ್ನೂ ಕೇಳಿದ್ರು, ಕೇಳ್ಲೇಬೇಕಲ್ಲ, ಹಿಟ್ಟಿನ ಪ್ಯಾಕೆಟ್ಟು ಎಣ್ಣೆ ಪ್ಯಾಕೆಟ್ಟು ತಂದು ತೋರಿಸ್ದೆ, ಓದಿದ್ರು, ಆಮೇಲೆ ಬ್ಯಾಗಿಂದ ತೆಗೆದಿದ್ದ ಡಬ್ಬಿನ ಮತ್ತೆ ಬ್ಯಾಗಿಗೆ ಹಾಕಿ ಮಗನಿಗೆ "ಹೋಗು, ತಗೋ" ಅಂದ್ರು. ಅವನು ನಂಬದೆ ಅವರಮ್ಮನ ಮುಖ ನೋಡ್ದ. "ಎಲ್ಲಾನಾ?" ಅಂದ. ಎಲ್ಲಾನೂ ಅಂದ್ರು. ಆ ಹುಡುಗ ನಿಪ್ಪಟ್ಟು ಎಷ್ಟು ತಿಂದ ಅಂತ ನಾನು ಎಣಿಸಲಿಲ್ಲ, ಎಣಿಸಬಾರದು.

ಬಂದವರಲ್ಲಿ ಒಬ್ಬರು ತಮ್ಮ ತಾಯಿನೂ ಕರ್ಕೊಂಡು ಬಂದಿದ್ರು, 80ರ ಹತ್ತಿರ, ಬಾಗೇಪಲ್ಲಿ ಕಡೆಯವರು. ಅತ್ತೆ ಅಭ್ಯಾಸದ ಮೇಲೆ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತ್ರು, ಬಡಿಸೋಕೆ ಏನಿದೆ, ಟೀ ಫ್ಲಾಸ್ಕಲ್ಲಿ ಇತ್ತು. ಆ ಅಜ್ಜಿನೇ ಕರೆದ್ರು, ತೆಲುಗಲ್ಲಿ, ಇಲ್ಲಿ ಬಂದು ಕೂತ್ಕೋಮ್ಮ ಅಂತ. ನಮ್ಮತ್ತೆಗೆ ತೆಲುಗು ಕನ್ನಡ ಎರಡೂ ಒಂದೇ, 2007ರಲ್ಲಿ ಜಿಲ್ಲೆ ಕೋಲಾರದಿಂದ ಬೇರೆ ಆಯ್ತೇ ಹೊರತು ನಾಲಿಗೆ ಇನ್ನೂ ಹಂಗೇ ಇದೆ ನಮ್ಮವರದ್ದು. ಕೂತ್ರು. ಮಧ್ಯೆ ಬೇಯಿಸಿದ ಅವರೆಕಾಯಿ ತಟ್ಟೆ, ಪಕ್ಕದಲ್ಲಿ ಸಿಪ್ಪೆಗೆ ಒಂದು ಖಾಲಿ ಪಾತ್ರೆ. ಒಂದೊಂದೇ ಕಾಯಿ ಬಿಡಿಸೋದು, ಕಾಳು ಬಾಯಿಗೆ, ಸಿಪ್ಪೆ ಪಾತ್ರೆಗೆ, ಮಾತು. ಯಾವ ಊರು, ಯಾರ ಪೈಕಿ, ಮಂಡಿಗೆ ಯಾವ ಎಣ್ಣೆ ಹಚ್ತೀಯಾ. ಸಿಪ್ಪೆ ಸುಲಿದು ತಿನ್ನೋ ತಿಂಡಿ ಇದ್ರೆ ಜನ ಬೇಗ ಏಳಲ್ಲ ಅನ್ನೋದು ನಾನು ಅವತ್ತು ನೋಡಿದ್ದು, ಕೈಗೆ ಕೆಲಸ ಇರತ್ತೆ, ಹೊಟ್ಟೆ ತಕ್ಷಣ ತುಂಬಲ್ಲ, ಮಾತು ನಿಂತ್ರೂ ಮುಜುಗರ ಆಗಲ್ಲ. ಎಷ್ಟೋ ದುಡ್ಡು ಕೊಟ್ಟು ತಂದ ಚೀಸಿಗಿಂತ ಅದು ದೊಡ್ಡದು. ಒಂದು ಗಂಟೆ ಅಂದವರು ಏಳಾದ್ರೂ ಕೂತೇ ಇದ್ರು, ಅತ್ತೆ ಎದ್ದಿದ್ದು ಒಂದೇ ಸಲ, ಹೊರಡುವಾಗ ಆ ಅಜ್ಜಿಗೆ ಅರಿಶಿನ ಕುಂಕುಮ ಕೊಡೋಕೆ.

ರಾತ್ರಿ ಮೊರ ಒರೆಸಿ ಬಿಸಿಲಿಗೆ ಬೆಳಿಗ್ಗೆ ಇಡೋಣ ಅಂತ ಒರಗಿಸಿಟ್ಟೆ. ಅವರೆ ಸಿಪ್ಪೆ, ಬಾಳೆಲೆ ಎಲ್ಲ ಎದುರುಮನೆ ಹಸುವಿಗೆ ಹೋಯ್ತು. ಆ ಹುಡುಗನಿಗೆ ಉಳಿದ ನಿಪ್ಪಟ್ಟೆಲ್ಲ ಅತ್ತೆ ಕಟ್ಟಿಕೊಟ್ಟಿದ್ರು, ಕಬ್ಬು ಖಾಲಿ, ಗೆಣಸು ನಾಲ್ಕು ಬಿಲ್ಲೆ, ಚೀಸ್ ಕ್ಯೂಬ್ ಮಾತ್ರ ಒಂಬತ್ತು ಮಿಕ್ಕಿತ್ತು. ಮಾರನೇ ದಿನ ದೋಸೆ ಮೇಲೆ ತುರಿದು ಹಾಕಿದೆ. "ಆ ಹುಡುಗಿ ಇದ್ಲಲ್ಲ ನೀಲಿ ಚೂಡಿದಾರದೋಳು, ಅವಳ ತಾಯಿ ತವರು ಚಿಂತಾಮಣಿ ಕಣಮ್ಮ" ಅಂತ ಅತ್ತೆ ನನಗೆ ಹೇಳ್ತಿದ್ರು.