ಆಸ್ಟ್ರೇಲಿಯಾದ ಹಾವು ಕಡಿತದ ಬ್ಯಾಂಡೇಜ್ ನಮ್ಮೂರಿಗೆ ಆಗಿಬರುವುದಿಲ್ಲ

ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಕೆಲಸ ಕಲಿತವನು ನಾನು. ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಳನಾಡಿನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಬಿಸಿಲು, ಒಣಹುಲ್ಲು, ಸಾಲು ಸಾಲು ಪ್ಯಾನೆಲ್. ನೋಡಲು ಥೇಟ್ ಪಾವಗಡದ ಪಾರ್ಕ್ ಇರುವ ತಿರುಮಣಿಯೇ. ಆದರೆ ತಿರುಮಣಿಯಲ್ಲಿ ಕೂಗಿದರೆ ಯಾರಾದರೂ ಓಡಿಬರುತ್ತಾರೆ. ಇಲ್ಲಿ ಕೂಗಿದರೆ ಕೇಳಿಸಿಕೊಳ್ಳಲು ಕಾಂಗರೂ ಬಿಟ್ಟರೆ ಯಾರೂ ಇಲ್ಲ. ಆಸ್ಪತ್ರೆಗೆ ಕಾರಿನಲ್ಲಿ ಎರಡು ಗಂಟೆ. ದಾರಿಯುದ್ದಕ್ಕೂ ಫೋನ್ ಸಿಗ್ನಲ್ ಇಲ್ಲ.

ಅದಕ್ಕೇ ಸೈಟಿಗೆ ಕಾಲಿಡುವ ಮುಂಚೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು. ಕರೆಂಟ್ ಕೆಲಸದವರು ಸಿಪಿಆರ್ ಅನ್ನು, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಊದಿ ಉಳಿಸುವ ವಿಧಾನವನ್ನು, ವರ್ಷಕ್ಕೊಮ್ಮೆ ಮತ್ತೆ ಮಾಡಿ ತೋರಿಸಬೇಕು. ಗೊಂಬೆಯ ಎದೆಯನ್ನು 30 ಸಲ ಒತ್ತಿ, 2 ಸಲ ಉಸಿರು ಊದಬೇಕು. ನಿಮಿಷಕ್ಕೆ 100ರಿಂದ 120ರ ವೇಗ. ಒತ್ತಿದಾಗ ಎದೆ ಸುಮಾರು 5 ಸೆಂ.ಮೀ. ಕೆಳಗಿಳಿಯಬೇಕು. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ಆಗ ಇನ್ನೊಬ್ಬರು ಶುರು ಮಾಡಬೇಕು. ಕರೆಂಟ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಸೋಲಾರ್‌ನಲ್ಲಿ ಅಷ್ಟೇ ಸಾಲದು. ಬಿಸಿಲಿರುವವರೆಗೆ ಪ್ಯಾನೆಲ್ ಕಡೆಯ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು ಇದನ್ನು ಮರೆಯಬಾರದು.

ಇಲ್ಲಿನ ಜನ ದೂರವನ್ನು ಹೇಗೆ ನಿಭಾಯಿಸಿದರು ಅನ್ನುವ ಕತೆ ನನಗೆ ತುಂಬಾ ಇಷ್ಟ. ಜಾನ್ ಫ್ಲಿನ್ ಅಂತ ಒಬ್ಬ ಪಾದ್ರಿ ಇದ್ದರು. ಇಲ್ಲಿನ 20 ಡಾಲರ್ ನೋಟಿನ ಮೇಲೆ ಇರುವುದು ಅವರದೇ ಮುಖ. ಡಾಕ್ಟರನ್ನು ವಿಮಾನದಲ್ಲೇ ಕಳಿಸೋಣ ಅಂದರು. 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ಮೊದಲ ವಿಮಾನ ಹೊರಟಿತು. ಸರಿ, ಡಾಕ್ಟರನ್ನು ಕರೆಯುವುದು ಹೇಗೆ? ಫೋನಿಲ್ಲ, ಕರೆಂಟಿಲ್ಲ. ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಪೆಡಲ್ ತುಳಿದು ನಡೆಸುವ ರೇಡಿಯೋ ಮಾಡಿಕೊಟ್ಟರು. ಆಮೇಲೆ ದೂರದ ತೋಟದ ಮನೆಗಳಿಗೆಲ್ಲ ಔಷಧಿ ಪೆಟ್ಟಿಗೆ ಬಂತು. ಒಳಗಿನ ಪ್ರತಿ ಔಷಧಿಗೂ ಒಂದು ನಂಬರ್. ಡಾಕ್ಟರ್ ಆ ಕಡೆಯಿಂದ ನಂಬರ್ ಹೇಳುತ್ತಾರೆ, ಮನೆಯವರು ಅದನ್ನೇ ತೆಗೆದು ಕೊಡುತ್ತಾರೆ. ಔಷಧಿಯ ಹೆಸರು ಓದಲು ತಡಕಾಡುವ ಗೋಜೇ ಇಲ್ಲ. ಈ ಪೆಟ್ಟಿಗೆ ಇವತ್ತಿಗೂ ಬಳಕೆಯಲ್ಲಿದೆ.

ತರಬೇತಿಯಲ್ಲಿ ಜಾಸ್ತಿ ಹೊತ್ತು ಹೋಗಿದ್ದು ಹಾವಿನ ಕಡಿತಕ್ಕೆ. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಒಂದಿದೆ. ಅದರ ಮೇಲೆ ಆಯತಗಳನ್ನು ಅಚ್ಚು ಹಾಕಿರುತ್ತಾರೆ. ಸರಿಯಾದ ಬಿಗಿಗೆ ಎಳೆದರೆ ಆಯತ ಚೌಕವಾಗುತ್ತದೆ. ಕಚ್ಚಿದ ಕೈಗೋ ಕಾಲಿಗೋ ಉದ್ದಕ್ಕೂ ಸುತ್ತಿ, ಮರದ ಪಟ್ಟಿ ಕಟ್ಟಿ, ಅಲುಗಾಡದ ಹಾಗೆ ಮಲಗಿಸುವುದು. 1970ರ ದಶಕದ ಕೊನೆಗೆ ಸ್ಟ್ರುವನ್ ಸದರ್ಲ್ಯಾಂಡ್ ಎಂಬ ವೈದ್ಯ ವಿಜ್ಞಾನಿ ಈ ವಿಧಾನ ಕಂಡುಹಿಡಿದರು.

ಇದರ ಫೋಟೋ ಮನೆಯ ಗ್ರೂಪಿಗೆ ಹಾಕಿದ್ದೇ ತಡ, ತಂಗಿಯ ಮೆಸೇಜು: "ಅಣ್ಣ, ಬರುವಾಗ ನಾಲ್ಕು ತಗೊಂಡ್ ಬಾ. ಕಡ್ಲೆಕಾಯಿ ಕೀಳೋ ಟೈಮಿಗೆ ಬೇಕಾಗುತ್ತೆ." ಇಷ್ಟುದ್ದ ಬರೆಯಲು ಕಾರಣ ಅದೇ. ತರುವುದಿಲ್ಲಮ್ಮ.

ಇಲ್ಲಿನ ವಿಷದ ಹಾವುಗಳು ಹೆಚ್ಚಾಗಿ ನಮ್ಮ ನಾಗರಹಾವಿನ ಕುಲದವು. ಬ್ಯಾಂಡೇಜ್ ಅವುಗಳ ವಿಷ ಮೈಗೆ ಹರಡುವುದನ್ನು ನಿಧಾನ ಮಾಡುತ್ತದೆ. ನಮ್ಮ ಹೊಲಗಳಲ್ಲಿ ನಾಗರಹಾವು, ಕಟ್ಟುಹಾವಿನ ಜೊತೆಗೆ ಕೊಳಕುಮಂಡಲ, ಗರಗಸ ಮಂಡಲವೂ ಇವೆ. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿಯಾಗಿ ಸುತ್ತಿ ಅದನ್ನು ಅಲ್ಲೇ ಕೂಡಿಹಾಕಿದರೆ ಕಾಲಿಗೇ ಸಂಚಕಾರ. ಕತ್ತಲಲ್ಲಿ ಯಾವ ಹಾವು ಅಂತ ನೋಡಿದವರು ಯಾರು? ಹಗ್ಗ ಬಿಗಿಯುವುದಂತೂ ಇನ್ನೂ ಕೆಟ್ಟದ್ದು. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ಹಾವಿನ ವಿಷಕ್ಕೆ ಕೊಡುವ ಔಷಧಿ ಕೈಯಲ್ಲಿಟ್ಟುಕೊಂಡು ಡಾಕ್ಟರೇ ಬಿಚ್ಚಲಿ.

ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಎರಡು ಮೂರು ಜನ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಸತ್ತರು ಅಂತ ಅಂದಾಜಿದೆ. ಇಲ್ಲಿನ ಹಾವುಗಳ ವಿಷ ಏನೂ ಕಡಿಮೆಯಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರು ಇಲ್ಲಿ ಇಲ್ಲ, ಕಚ್ಚಿದ ಮೇಲೆ ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯುವವರೂ ಇಲ್ಲ.

ಹಾಗಾದರೆ ಊರಲ್ಲಿ ಏನು ಮಾಡಬೇಕು? ಧೈರ್ಯ ಹೇಳಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಮೂಳೆ ಮುರಿದಾಗ ಕಟ್ಟುವ ಹಾಗೆ ಪಟ್ಟಿ ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾದರೆ ಸಿಕ್ಕ ಗಾಡಿ ಹತ್ತಿಸಿ. ಬೈಕ್ ಒಂದೇ ಗತಿ ಅಂದರೆ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋಗಿ. ಕಚ್ಚಿದ ಹೊತ್ತು ಎಷ್ಟು ಅಂತ ನೆನಪಿಟ್ಟುಕೊಳ್ಳಿ. ಹಾವನ್ನು ಹೊಡೆದು ತರಬೇಕಿಲ್ಲ. ನಮ್ಮಲ್ಲಿ ಕೊಡುವ ಔಷಧಿ ಮೇಲೆ ಹೇಳಿದ ನಾಲ್ಕೂ ಹಾವಿಗೆ ಒಂದೇ. ಕಟ್ಟುಹಾವು ಮಾತ್ರ ಮೋಸದ್ದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ನೋವೇ ಆಗದ ಹಾಗೆ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಕಂಡರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ.

ತಂಗಿಗೆ ಒಳ್ಳೆ ಟಾರ್ಚು, ದಪ್ಪ ಕೈಗವಸು ತರುತ್ತೇನೆ. ಗಂಬೂಟ್ ಅಂದಿದ್ದಕ್ಕೆ, "ಅದನ್ನ ಹಾಕ್ಕೊಂಡು ಕಡ್ಲೆಕಾಯಿ ಕೀಳೋಕೆ ನೀನೇ ಬಾ" ಅಂದಳು. ಬಾವನಿಗೂ ಒಂದು ಕೆಲಸ ಹೇಳಿದ್ದೇನೆ. ಹಾವಿನ ಔಷಧಿ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ, ರಾತ್ರಿ ಡಾಕ್ಟರ್ ಇರುತ್ತಾರಾ ಅಂತ ಈ ವಾರವೇ ಹೋಗಿ ಕೇಳಿಕೊಂಡು ಬರಬೇಕು. ಅವರು ಇನ್ನೂ ಹೋಗಿಲ್ಲ.