ಹಾಯಿದೋಣಿಗೆ ಬರುವ ಮೊದಲು ಚೀಲ ಒಮ್ಮೆ ಬಿಚ್ಚಿ ನೋಡಿ

ಹಾಯಿದೋಣಿಯಲ್ಲಿ ದಿನ ಕೆಡಿಸುವ ವಸ್ತುಗಳಲ್ಲಿ ಮೊದಲನೆಯದು ಜೀನ್ಸ್ ಪ್ಯಾಂಟು. ಒಮ್ಮೆ ನೆನೆದರೆ ಸಂಜೆವರೆಗೂ ಒಣಗುವುದಿಲ್ಲ. ಉಪ್ಪು ಹಿಡಿದ ದಪ್ಪ ಹೊಲಿಗೆ ತೊಡೆಸಂದಿಯನ್ನು ಉಜ್ಜಿ ಉಜ್ಜಿ ಕೆಂಪು ಮಾಡ್ತದೆ. ನೀರಿಗೆ ಬಿದ್ದವರನ್ನು ಎಳೆದು ಹತ್ತಿಸುವಾಗ ಆ ಬಟ್ಟೆಯಲ್ಲಿ ನಿಂತ ನೀರನ್ನೂ ಸೇರಿಸಿ ಎತ್ತಬೇಕು. ಹತ್ತಿಯ ಟೀಶರ್ಟಿನದ್ದೂ ಇದೇ ಕಥೆ. ಫುಟ್‌ಬಾಲ್ ಆಡುವವರ ಪಾಲಿಯೆಸ್ಟರ್ ಜೆರ್ಸಿ, ತುಂಬು ತೋಳಿನದ್ದು, ಮತ್ತೊಂದು ತೆಳು ಟ್ರ್ಯಾಕ್ ಪ್ಯಾಂಟು ಇದ್ದರೆ ಧಾರಾಳ.

ಕಾಸರಗೋಡಿನವರಿಗೆ ಬಿಸಿಲಿನ ನೆನಪು ಇರ್ತದೆ, ಚಳಿಯ ನೆನಪು ಇರುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಳಗ್ಗೆ ದಡದಿಂದ ಮೂಡುಗಾಳಿ, ನಡುವೆ ಸ್ವಲ್ಪ ಹೊತ್ತು ಸ್ತಬ್ಧ, ಮಧ್ಯಾಹ್ನದ ನಂತರ ವಾಯವ್ಯದಿಂದ ಕಡಲಗಾಳಿ. ಒದ್ದೆ ಮೈಗೆ ಆ ಗಾಳಿ ಎರಡು ಗಂಟೆ ಹೊಡೆದರೆ ನಾಲ್ಕೂವರೆಗೆ ಹಲ್ಲು ಕಟಕಟ ಎನ್ನುತ್ತದೆ, ಹಗ್ಗ ಹಿಡಿದ ಬೆರಳು ಜಡವಾಗ್ತದೆ. ಹಾಗಾಗಿ ಒಂದು ವಿಂಡ್‌ಚೀಟರ್ ಬೇಕೇ ಬೇಕು, ಮತ್ತು ಅದನ್ನು ದಡದಲ್ಲೇ ಹಾಕಿಕೊಳ್ಳಬೇಕು. ಕಾರಣ ಚಂದ್ರಗಿರಿಯ ಅಳಿವೆ, ಹೊಳೆ ಕಡಲು ಸೇರುವ ಬಾಯಿ. ಇಳಿತದಲ್ಲಿ ಹೊಳೆನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲ ತೆರೆ ಬಂದರೆ ಮರಳದಿಬ್ಬದ ಮೇಲೆ ನೀರು ಕಡಿದಾಗಿ ಏಳ್ತದೆ, ಮುಂದೆ ಕೂತವರಿಗೆ ಅಲ್ಲೇ ಸ್ನಾನ. ವಿಂಡ್‌ಚೀಟರ್ ಲೈಫ್ ಜಾಕೆಟ್ಟಿನ ಒಳಗೆ ಇರಬೇಕಾದ್ದು. ಅಳಿವೆಯ ಮಧ್ಯೆ ಅದು ನೆನಪಾದರೆ ಲೈಫ್ ಜಾಕೆಟ್ ಬಿಚ್ಚದೆ ಹಾಕಲಿಕ್ಕಾಗುವುದಿಲ್ಲ, ಅಲ್ಲಿ ಬಿಚ್ಚಲಿಕ್ಕೆ ಯಾರೂ ಬಿಡುವುದೂ ಇಲ್ಲ.

ಲೈಫ್ ಜಾಕೆಟ್ ದೋಣಿಯವರೇ ಕೊಡುತ್ತಾರೆ. ಆದರೆ ಬಕಲ್ ಹಾಕಿದ ಮೇಲೆ ಇನ್ನೊಬ್ಬರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲೆ ಎಳೆಯಲು ಹೇಳಿ. ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ ಸಡಿಲ. ನೀರಿನಲ್ಲಿ ಅದು ಮೇಲೆ ತೇಲ್ತದೆ, ನೀವು ಕೆಳಗೆ ಜಾರುತ್ತೀರಿ. ಮಕ್ಕಳಿಗೆ ತೊಡೆಸಂದಿಯ ಪಟ್ಟಿ ಇರುವಂಥದ್ದೇ ಆಗಬೇಕು. ಲೇಬಲ್ಲಿನಲ್ಲಿ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರು 100 ಅಥವಾ ಅದಕ್ಕಿಂತ ಹೆಚ್ಚಿನದ್ದು ಕೇಳಿ ಪಡೆಯಿರಿ, ದಾಕ್ಷಿಣ್ಯ ಬೇಡ.

ಹವಾಯಿ ಚಪ್ಪಲಿ ಕಾರಿನಲ್ಲೇ ಇರಲಿ. ಒದ್ದೆ ಹಲಗೆಯ ಮೇಲೆ ಪಾದ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಬರಿಗಾಲೂ ಒಳ್ಳೆಯದಲ್ಲ, ಜೆಟ್ಟಿಯ ಕಲ್ಲಿಗೆ ಹಿಡಿದ ಚಿಪ್ಪು ಬ್ಲೇಡಿನಂತೆ ಕುಯ್ಯುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಸಾಕು. ಟೊಪ್ಪಿಗೆ ಗದ್ದದ ಕೆಳಗೆ ಕಟ್ಟುವ ದಾರ ಇರಲಿ, ಅಂಚು ತೀರಾ ಅಗಲ ಬೇಡ, ತಿರುಗಿ ಬರುವ ಬೂಮು (ಹಾಯಿಯ ಅಡಿಯ ಅಡ್ಡಕೋಲು) ಕಾಣದೆ ಮಂಡೆಗೆ ಬಡಿದೀತು. ನಮ್ಮೂರ ಹಾಳೆಟೊಪ್ಪಿ ತೋಟಕ್ಕೆ ಚೆಂದ, ಇಲ್ಲಿ ಮೊದಲ ಗಾಳಿಗೇ ಕಡಲಪಾಲು. ಕನ್ನಡಕಕ್ಕೂ ದಾರ ಕಟ್ಟಿ.

ಉಂಗುರದ ವಿಷಯದಲ್ಲಿ ಮಾತ್ರ ನಾವು ಜಗಳಕ್ಕೇ ನಿಲ್ಲುತ್ತೇವೆ. ಹಾಯಿ ಎಳೆಯುವ ಹಗ್ಗಕ್ಕೆ ಶೀಟು ಎನ್ನುತ್ತಾರೆ. ಅದು ರಾಟೆಯೊಳಗೆ ಓಡುವಾಗ ಕೈ ಜೊತೆಗೆ ಸೆಳೆದುಹೋಗಿ ಉಂಗುರ ಎಲ್ಲಾದರೂ ಸಿಕ್ಕಿದರೆ, ಗಾಳಿಯ ಇಡೀ ಭಾರ ಆ ಒಂದು ಬೆರಳಿನ ಮೇಲೆ ಬೀಳ್ತದೆ, ಚರ್ಮ ಸುಲಿದು ಬರ್ತದೆ. ಮನೆಯಲ್ಲೇ ತೆಗೆದಿಟ್ಟು ಬನ್ನಿ. ಬಿಗಿಯಾಗಿದ್ದರೆ ಸೋಪು ಹಾಕಿ. ಕರಿಮಣಿ ಜೆರ್ಸಿಯ ಒಳಗೆ ಇರಲಿ. ದುಪಟ್ಟಾ ಬೇಡ, ಉದ್ದ ಜಡೆ ಸುತ್ತಿ ಕಟ್ಟಿ. ಕೈಗೆ ಸೈಕಲ್ಲಿನವರ ಅರ್ಧಬೆರಳಿನ ಗ್ಲೌಸ್ ಸಾಕಾಗ್ತದೆ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ. ಹೊರಡುವ ಅರ್ಧ ಗಂಟೆ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ. ಕಿವಿಯ ಹಿಂದೆ, ಪಾದದ ಮೇಲೆ, ಗದ್ದದ ಅಡಿಗೆ ಹಚ್ಚಲು ಮರೆಯುತ್ತಾರೆ. ನೀರಿನಿಂದ ಹಿಂತಿರುಗುವ ಬಿಸಿಲು ಸುಡುವುದೇ ಅಲ್ಲಿ. ಅಂಗೈ ಮಾತ್ರ ಒರೆಸಿಕೊಳ್ಳಿ, ಜಿಡ್ಡುಕೈಯಲ್ಲಿ ಹಗ್ಗ ನಿಲ್ಲುವುದಿಲ್ಲ.

ನೀರು ಇಡೀ ದಿನಕ್ಕೆ ತಲೆಗೆ ಮೂರು ಲೀಟರ್, ಜೊತೆಗೆ ಒಂದು ಓಆರ್‌ಎಸ್ ಪ್ಯಾಕೆಟ್. ಅದನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು, ಅರ್ಧ ಬಾಟ್ಲಿಗೆ ಸುರಿಯಬಾರದು. ಊಟ ಒಂದೇ ಕೈಯಲ್ಲಿ ತಿನ್ನುವಂತಿರಲಿ: ಪುಂಡಿ, ಇಡ್ಲಿ, ಬಾಳೆಹಣ್ಣು. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹುಳಿ ಬರ್ತದೆ, ಚಟ್ನಿಪುಡಿ ತನ್ನಿ. ವಾಂತಿಯ ಭಯಕ್ಕೆ ಖಾಲಿ ಹೊಟ್ಟೆಯಲ್ಲಿ ಬರುವವರಿಗೇ ವಾಂತಿ ಹೆಚ್ಚು. ಅವೊಮಿನ್ ತಗೊಳ್ಳುವುದಾದರೆ ಡಾಕ್ಟರಲ್ಲಿ ಕೇಳಿ, ಹೊರಡುವ ಒಂದೆರಡು ಗಂಟೆ ಮೊದಲೇ ತಗೊಳ್ಳಿ. ನಿದ್ದೆ ಬರ್ತದೆ, ಗೊತ್ತಿರಲಿ. ಹೊಟ್ಟೆ ತೊಳಸಿದರೆ ಫೋನು ಒಳಗಿಟ್ಟು ದೂರದ ದಡ ನೋಡಿ. ಆಗಲಿಲ್ಲವಾ, ಗಾಳಿ ಹೋಗುವ ಬದಿಗೆ ಬಗ್ಗಿ. ಎದುರು ಬದಿಗೆ ಬಗ್ಗಿದರೆ ಎಲ್ಲರಿಗೂ ಪಾಲು.

ಸೂಟ್‌ಕೇಸಿಗೆ ಜಾಗ ಇಲ್ಲ. ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ತನ್ನಿ. ಮೂರು ಸುತ್ತಿಗಿಂತ ಕಡಿಮೆ ಸುತ್ತಿದರೆ ನೀರು ಹೋಗ್ತದೆ. ಫೋನಿನ ಪೌಚಿಗೆ ಹಿಂದಿನ ರಾತ್ರಿ ಟಿಶ್ಯೂ ಪೇಪರ್ ಹಾಕಿ ಬಕೆಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಪೇಪರ್ ಒಣಗಿದ್ದರೆ ಮಾತ್ರ ಫೋನು ಹಾಕಿ, ಕುತ್ತಿಗೆಗೆ ನೇತುಹಾಕದೆ ಜಾಕೆಟ್ಟಿಗೆ ಕಟ್ಟಿ. ಕೋಸ್ಟ್ ಗಾರ್ಡಿನ 1554 ಅದರಲ್ಲಿ ಸೇವ್ ಆಗಿರಲಿ.

ಒಣಬಟ್ಟೆ, ಬೈರಾಸು, ಮೈ ತೊಳೆಯಲು ಎರಡು ಬಾಟ್ಲಿ ಸಿಹಿನೀರು ಕಾರಿನಲ್ಲಿರಲಿ. ಕಾರಿನ ಕೀಲಿ ದಡದಲ್ಲಿ ನಿಲ್ಲುವವರ ಕೈಗೆ ಕೊಟ್ಟು ಬನ್ನಿ. ಬಟನ್ ಇರುವ ಕೀಲಿಗೆ ಉಪ್ಪುನೀರು ಹೊಕ್ಕರೆ ಸಂಜೆ ಬೀಗ ತೆರೆಯದು, ಒಣಬಟ್ಟೆಯೆಲ್ಲ ಒಳಗೇ.